ಯಾರನ್ನ ನಂಬಲಿ ಅಂದೆಯಲ್ಲ

ಪುಟ್ಟಿ,

ನಿನ್ನ ಪತ್ರದಲ್ಲಿ ಉಳಿದದ್ದೆಲ್ಲ ಸರಿ, ಒಂದು ಮಾತು ಮಾತ್ರ ನಿದ್ದೆ ಕೆಡಿಸಿತು. ಹೆರಿಗೆ ಬೇಗ ಆದರೂ ಆಗಬಹುದು, ಮಗುವಿನ ಶ್ವಾಸಕೋಶ ಬಲಿಯೋಕೆ ನಿನಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡಬೇಕಾಗಬಹುದು ಅಂದಿದ್ದಾರೆ ಡಾಕ್ಟರು. ‘ಒಂದು ಅಧ್ಯಯನ ಒಳ್ಳೇದು ಅನ್ನುತ್ತೆ, ಇನ್ನೊಂದು ವ್ಯತ್ಯಾಸವೇ ಇಲ್ಲ ಅನ್ನುತ್ತೆ. ಯಾರನ್ನ ನಂಬಲಿ ದೊಡ್ಡಮ್ಮ?’

1985ರಲ್ಲಿ ನಾನೂ ಇದನ್ನೇ ಕೇಳಿದ್ದೆ. ಕೆಲವರು ಹೌದು ಅಂತಾರೆ, ಕೆಲವರು ಇಲ್ಲ ಅಂತಾರೆ ಅಂದರು ಡಾಕ್ಟರು. ಹಾಗಾದರೆ ಬೇಡ ಅಂದುಬಿಟ್ಟೆ. ಮುಂದಿನದನ್ನ ನಿಮ್ಮಮ್ಮ ಹೇಳಿರುತ್ತಾಳೆ. ಅವಳು ನೋಡದ್ದು ಒಂದಿದೆ. ಉಸಿರೆಳೆದಾಗಲೆಲ್ಲ ಆ ಪುಟ್ಟ ಪಕ್ಕೆಲುಬುಗಳ ನಡುವೆ ಚರ್ಮ ಗುಳಿ ಬೀಳುತ್ತಿತ್ತು. ಎರಡು ದಿನ.

ಎಷ್ಟೋ ವರ್ಷ ಆದಮೇಲೆ ಕಾಕ್ರೇನ್ ಸಂಸ್ಥೆಯ ಲಾಂಛನ ನೋಡಿದೆ. 1993ರಲ್ಲಿ ಶುರುವಾದದ್ದು. ಒಂದು ಪ್ರಶ್ನೆಯ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಹುಡುಕಿ, ಕಾಳು ಜೊಳ್ಳು ಬೇರೆ ಮಾಡಿ, ಒಟ್ಟಿಗೆ ಲೆಕ್ಕ ಹಾಕುತ್ತಾರೆ. ಸಿಸ್ಟಮ್ಯಾಟಿಕ್ ರಿವ್ಯೂ ಅಂದರೆ ಅದೇ. ಲಾಂಛನದಲ್ಲಿ ಏಳು ಅಡ್ಡಗೆರೆ, ನಡುವೆ ಒಂದು ನೆಟ್ಟಗಿನ ಗೆರೆ. ಒಂದೊಂದು ಅಡ್ಡಗೆರೆಯೂ ಇದೇ ಇಂಜೆಕ್ಷನ್ನಿನ ಒಂದೊಂದು ಪ್ರಯೋಗ. ನಡುಗೆರೆಗೆ ತಾಗಿದರೆ, ಆ ಪ್ರಯೋಗ ಒಂದರಿಂದಲೇ ಹೌದು ಇಲ್ಲ ಹೇಳೋಕಾಗಲ್ಲ ಅಂತ. ಹಲವು ತಾಗುತ್ತವೆ. ಏಳನ್ನೂ ಕೂಡಿಸಿದ ವಜ್ರದ ಗುರುತು ಮಾತ್ರ ತಾಗದೆ ಎಡಕ್ಕೆ ಕೂತಿದೆ. ಇಂಜೆಕ್ಷನ್ ಕೊಟ್ಟರೆ ಹೆಚ್ಚು ಮಕ್ಕಳು ಉಳಿಯುತ್ತಾರೆ ಅಂತ ಅದರ ಅರ್ಥ. ಮೊದಲ ಪ್ರಯೋಗ ಅಚ್ಚಾದದ್ದು 1972ರಲ್ಲಿ. ಕೂಡಿಸಿ ನೋಡಿ ಪ್ರಕಟಿಸಿದ್ದು 1989ರಲ್ಲಿ.

ನನ್ನ ಹೆರಿಗೆ ಆ ನಡುವೆ ಆಯಿತು.

ಡಾಕ್ಟರ ಮೇಲೆ ಕೋಪ ಇಲ್ಲ. ಅವರ ಕೈಯಲ್ಲೂ ಬಿಡಿ ಬಿಡಿ ಕಾಗದಗಳೇ ಇದ್ದವು. ನೀನು ಓದಿದ ಎರಡೂ ಹಾಗೇ ಇರಬಹುದು, ಒಂದಕ್ಕೊಂದು ವಿರುದ್ಧ ಅಂತೇನೂ ಅಲ್ಲ. ಪ್ರಯೋಗದಲ್ಲಿ ಜನ ಕಡಿಮೆ ಇದ್ದರೆ ವ್ಯತ್ಯಾಸ ಇದ್ದರೂ ಕಣ್ಣಿಗೆ ಬೀಳೋದಿಲ್ಲ, ಅಲ್ವಾ?

ನಾನೇನು ಓದಿದವಳಲ್ಲ, ಹೇಳೋಕೂ ಸಂಕೋಚ. 2020ರ ಕಾಕ್ರೇನ್ ರಿವ್ಯೂನಲ್ಲಿ 27 ಪ್ರಯೋಗ ಇವೆ, 11 ಸಾವಿರಕ್ಕೂ ಜಾಸ್ತಿ ಹೆಂಗಸರು. ಸುಲಭ ಭಾಷೆಯ ಸಾರಾಂಶವೂ ಇದೆ, ಬೇಕಾದರೆ ಅಷ್ಟೇ ಓದು. ರಿವ್ಯೂ ಅಂದಮಾತ್ರಕ್ಕೆ ಎಲ್ಲವೂ ಗಟ್ಟಿಯಲ್ಲ ಮತ್ತೆ. ಜೊಳ್ಳನ್ನೇ ರಾಶಿ ಹಾಕಿದವರೂ ಇದ್ದಾರೆ.

ಇನ್ನೊಂದು. 34 ವಾರ ದಾಟಿದ ಮೇಲೆ ಲೆಕ್ಕ ಬೇರೆ, ಹುಟ್ಟಿದ ಮಗುವಿನ ಸಕ್ಕರೆ ಇಳಿಯುವ ಭಯ ಜಾಸ್ತಿ. ಆ ಪ್ರಯೋಗಗಳಲ್ಲಿದ್ದವರು ನನ್ನಂಥವರೇನಾ ಅಂತ ಡಾಕ್ಟರನ್ನ ಬಾಯಿಬಿಟ್ಟು ಕೇಳು. ನಾನು ಅದನ್ನ ಕೇಳಲೇ ಇಲ್ಲ, ಸ್ಟೆರಾಯ್ಡ್ ಅನ್ನೋ ಹೆಸರಿಗೇ ಹೆದರಿದ್ದೆ.

ಇಷ್ಟುದ್ದ ಬರೆದಿದ್ದೀಯ, ಎಷ್ಟನೇ ವಾರ ಅಂತ ಮಾತ್ರ ತಿಳಿಸಿಲ್ಲ ಕಣೇ. ಇದು ಕೈಗೆ ಸಿಕ್ಕಿದ ಕೂಡಲೇ ಫೋನ್ ಮಾಡಿ ಹೇಳು.

ನಿನ್ನ ದೊಡ್ಡಮ್ಮ