ಎಚ್‌ಎಎಲ್ ಏರ್‌ಪೋರ್ಟ್ ಖಾಲಿ ಬಿದ್ದಿದೆ ಅಂತ ಯಾರ್ ಹೇಳಿದ್ದು?

ಸಂಪಾದಕರೇ, ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರದಲ್ಲಿ ಒಬ್ರು ಬರೆದಿದ್ರು, ಬೆಂಗಳೂರಿನ ಎಚ್‌ಎಎಲ್ ಏರ್‌ಪೋರ್ಟು 2008ರಿಂದ ಸುಮ್ನೆ ಖಾಲಿ ಬಿದ್ದಿದೆ, ಅಷ್ಟು ಜಾಗ ಇಟ್ಕೊಂಡು ಏನ್ ಮಾಡ್ತಾರೆ, ಒಂದೋ ಪ್ಯಾಸೆಂಜರ್ ವಿಮಾನ ಬಿಡಿ ಇಲ್ಲಾಂದ್ರೆ ಪಾರ್ಕ್ ಮಾಡಿ ಅಂತ. ಅವರ ಮೇಲೆ ನಂಗೇನೂ ಕೋಪ ಇಲ್ಲ. ಆದ್ರೆ ಅವ್ರು ಒಂದು ದಿನ ನಮ್ಮನೆಗೆ ಬರ್ಲಿ, ವಿಮಾನಪುರದಲ್ಲಿ, ಬೆಳಿಗ್ಗೆ ಹತ್ತು ಗಂಟೆಗೆ. ಕಾಫಿ ಕೊಡ್ತೀನಿ. ಜೆಟ್ ಒಂದು ಎದ್ದಾಗ ಮಾತು ಅರ್ಧಕ್ಕೆ ನಿಲ್ಲಿಸ್ಬೇಕು, ಅದು ಹೋದ್ಮೇಲೆ ಮುಂದುವರಿಸ್ಬೇಕು, ನಾವು ಹಂಗೇ ಮಾತಾಡೋದು. ಖಾಲಿ ಅಂತೆ.

ತಪ್ಪು ಅವರದ್ದಲ್ಲ, ಏರ್‌ಪೋರ್ಟ್ ಮುಂದಿನ ರೋಡಿನ ಹೆಸರಿಂದು. ಪ್ಯಾಸೆಂಜರ್ ವಿಮಾನ ಎಲ್ಲ ದೇವನಹಳ್ಳಿಯ ಹೊಸ ಏರ್‌ಪೋರ್ಟಿಗೆ ಹೋದ ಮೇಲೆ ಇದು 'ಹಳೇ ಏರ್‌ಪೋರ್ಟ್ ರೋಡ್' ಆಯ್ತು, ಹೊಸದಾಗಿ ಊರಿಗೆ ಬಂದೋರು ಹಳೇದು ಅಂದ್ರೆ ಮುಚ್ಚಿರೋದು ಅನ್ಕೊಂಡ್ರು. ನಿಂತಿದ್ದು ಟಿಕೆಟ್ ತಗೊಂಡು ಹತ್ತೋ ವಿಮಾನ ಮಾತ್ರ. ಇದು ಹುಟ್ಟಿದ್ದೇ ಟಿಕೆಟ್‌ಗೋಸ್ಕರ ಅಲ್ಲ.

ನಮ್ಮಪ್ಪ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ರು, ಹಾಗಾಗಿ ಈ ಕಥೆಗಳು ನಮಗೆ ಊಟದ ಜೊತೆ ಉಪ್ಪಿನಕಾಯಿ ಇದ್ದ ಹಾಗೆ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅನ್ನೋ ಉದ್ಯಮಿ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ, ಅಂದ್ರೆ ಈಗಿನ ಎಚ್‌ಎಎಲ್, ಶುರು ಮಾಡಿದ್ರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ. ಮೈಸೂರು ಸರ್ಕಾರ 25 ಲಕ್ಷ ರೂಪಾಯಿ ಹಾಕ್ತು, ಮೇಲೆ 700 ಎಕರೆ ಜಾಗ ಕೊಡ್ತು. ವಿಮಾನ ಕಟ್ಟಬೇಕು, ಕಟ್ಟಿದ್ದು ಹಾರುತ್ತಾ ಅಂತ ಅಲ್ಲೇ ಪಕ್ಕದಲ್ಲಿ ನೋಡ್ಬೇಕು, ಅದಕ್ಕೇ ರನ್‌ವೇ. ಮನೆ ಮುಂದೆ ಅಂಗಳ ಇರೋ ಥರ ಫ್ಯಾಕ್ಟರಿಗೊಂದು ಅಂಗಳ ಅಷ್ಟೇ.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಜೋರಾಯ್ತು. 1943ರಲ್ಲಿ ಇಡೀ ಜಾಗ ಅಮೆರಿಕದ ಸೈನ್ಯದ ಕೈಗೆ ಹೋಯ್ತು, ಬರ್ಮಾ ಕಡೆ ಯುದ್ಧ ಮಾಡೋ ವಿಮಾನಗಳೆಲ್ಲ ರಿಪೇರಿಗೆ ಇಲ್ಲಿಗೇ ಬರ್ತಿದ್ವು. ಅದ್ರಲ್ಲಿ ಕ್ಯಾಟಲೀನಾ ಅಂತ ನೀರಿನ ಮೇಲೆ ಇಳಿಯೋ ವಿಮಾನಗಳೂ ಇದ್ವು. ಬೆಂಗಳೂರಲ್ಲಿ ಸಮುದ್ರ ಎಲ್ಲಿಂದ ಬರ್ಬೇಕು? ಬೆಳ್ಳಂದೂರು ಕೆರೆಗೆ ಇಳಿಸ್ತಿದ್ರು! ಹೌದು ಅದೇ ಕೆರೆ, ನೊರೆ ಉಕ್ಕಿ ರೋಡಿಗೆ ಬರೋ ಕೆರೆ, ನೀರಿಗೇ ಬೆಂಕಿ ಹತ್ಕೊಂಡು ಟಿವಿಲಿ ಬಂತಲ್ಲ ಅದೇ. ನನ್ನ ಮೊಮ್ಮಗನಿಗೆ ಇದನ್ನ ಹೇಳಿದ್ರೆ ಅಜ್ಜಿ ಸುಳ್ಳು ಹೇಳ್ತಾಳೆ ಅಂತಾನೆ.

ಯುದ್ಧ ಮುಗಿದ್ಮೇಲೆ ಕೆಲಸ ಇಲ್ಲ. ವಿಮಾನ ಕಟ್ಟೋ ಕೈಗಳು ಸುಮ್ನೆ ಕೂರೋಕೆ ಆಗುತ್ತಾ, ರೈಲು ಬೋಗಿ ಮಾಡಿದ್ರು, ಬಸ್ ಬಾಡಿ ಮಾಡಿದ್ರು. ನಮ್ಮಪ್ಪ ಸೇರಿದ್ದೇ ಬೋಗಿ ಸೆಕ್ಷನ್ನಿಗೆ, 1964ರಲ್ಲಿ ಆ ಬೋಗಿ ಕೆಲಸ ಬಿಇಎಂಎಲ್ ಅನ್ನೋ ಇನ್ನೊಂದು ಸರ್ಕಾರಿ ಕಂಪನಿಗೆ ಹೋಯ್ತು, ಇವ್ರು ಅಷ್ಟೊತ್ತಿಗಾಗ್ಲೇ ವಿಮಾನದ ಕಡೆ ಬಂದಿದ್ರು. ಅದಕ್ಕೂ ಮುಂಚಿನ ಇನ್ನೊಂದು ಕಥೆ ಇದೆ, ಅಪ್ಪ ಸೀನಿಯರ್‌ಗಳಿಂದ ಕೇಳಿದ್ದು, ಆಮೇಲೆ ನಾನೂ ಓದಿದೀನಿ. ಬ್ರಿಟಿಷರು ಹೋಗೋವಾಗ ಕಾನ್ಪುರದಲ್ಲಿ ಲಿಬರೇಟರ್ ಅನ್ನೋ ದೊಡ್ಡ ಬಾಂಬರ್‌ಗಳನ್ನ ಯಾರೂ ಹಾರಿಸ್ಬಾರ್ದು ಅಂತ ಬೇಕಂತಲೇ ಜಖಂ ಮಾಡಿ ಗುಜರಿ ಥರ ಬಿಟ್ಟು ಹೋಗಿದ್ರು. ಎಚ್‌ಎಎಲ್ ಜನ ಅಲ್ಲಿಗೆ ಹೋಗಿ ಒಂದರ ಪಾರ್ಟು ತೆಗೆದು ಇನ್ನೊಂದಕ್ಕೆ ಹಾಕಿ ಹೆಂಗೋ ಹಾರೋ ಅಷ್ಟು ಮಾಡಿದ್ರು, ಟೆಸ್ಟ್ ಪೈಲಟ್ ಜಮ್ಷೆಡ್ ಮುನ್ಶಿ ಅವನ್ನ ಒಂದೊಂದಾಗಿ ಬೆಂಗಳೂರಿಗೆ ಹಾರಿಸ್ಕೊಂಡು ಬಂದ್ರು. ಪೂರ್ತಿ ರಿಪೇರಿ ಇಲ್ಲಿ ಆಯ್ತು. ಹಂಗೆ 40ರಷ್ಟು ವಿಮಾನ. ಅವನ್ನ ನಮ್ಮ ವಾಯುಪಡೆ 1968ರ ತನಕ ಓಡಿಸ್ತು ಸ್ವಾಮಿ, ಗುಜರಿ ಅಂತ ಬಿಸಾಕಿದ್ದನ್ನ!

1951ರಲ್ಲಿ ಎಚ್‌ಟಿ-2 ಹಾರ್ತು, ಘಾಟ್ಗೆ ಅವರು ಡಿಸೈನ್ ಮಾಡಿದ್ದ ತರಬೇತಿ ವಿಮಾನ. ಆದ್ರೆ ನಮ್ಮನೇಲಿ ಯಾವಾಗ್ಲೂ ಮಾತಾಡ್ತಿದ್ದಿದ್ದು ಮರುತ್ ಬಗ್ಗೆನೇ. ಜರ್ಮನಿಯಿಂದ ಕುರ್ಟ್ ಟ್ಯಾಂಕ್ ಅನ್ನೋ ಹೆಸರಾಂತ ಡಿಸೈನರ್‌ನ ಕರೆಸಿ, ಇಲ್ಲೇ ಕಟ್ಟಿದ ನಮ್ಮ ಮೊದಲನೇ ಫೈಟರ್ ಜೆಟ್. ಎಂಜಿನ್ ಹಾಕೋಕೆ ಮುಂಚೆ ಅದೇ ಸೈಜಿನ ಮರದ ಗ್ಲೈಡರ್ ಮಾಡಿ, ಇನ್ನೊಂದು ವಿಮಾನಕ್ಕೆ ಕಟ್ಟಿ ಎಳೆಸಿ ಮೇಲೆ ಬಿಟ್ಟು ನೋಡಿದ್ರು. 1961ರ ಜೂನ್‌ನಲ್ಲಿ ಸುರಂಜನ್ ದಾಸ್ ಅದನ್ನ ಮೊದಲು ಹಾರಿಸಿದ್ರು. ಅವತ್ತು ಕ್ಯಾಂಟೀನಲ್ಲಿ ಒಬ್ರೂ ಇರ್ಲಿಲ್ಲ ಕಣೇ, ಎಲ್ಲಾರೂ ಹೊರಗೆ ಕತ್ತೆತ್ಕೊಂಡು ನಿಂತಿದ್ವಿ ಅಂತ ಅಪ್ಪ ಹೇಳೋರು. ಅದಕ್ಕೆ ತಕ್ಕ ಎಂಜಿನ್ ಕೊನೆಗೂ ಸಿಗ್ಲಿಲ್ಲ, ಮೈ ಗಟ್ಟಿ ಇದ್ದು ಉಸಿರು ಸಾಲದ ಪೈಲ್ವಾನ್ ಥರ ಆಯ್ತು, ಆದ್ರೂ 147 ಕಟ್ಟಿದ್ರು, 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಹೋಗಿ ಹೋರಾಡ್ತು. ಸುರಂಜನ್ ದಾಸ್ ಅದನ್ನ ನೋಡೋಕೆ ಇರ್ಲಿಲ್ಲ. 1970ರ ಜನವರಿಯಲ್ಲಿ ಮರುತ್‌ದೇ ಒಂದು ಹೊಸ ಮಾದರಿ ಟೆಸ್ಟ್ ಮಾಡೋಕೆ ಹೋಗಿ ಟೇಕಾಫ್‌ನಲ್ಲೇ ಬಿದ್ದು ತೀರ್ಕೊಂಡ್ರು, ಇದೇ ರನ್‌ವೇಲಿ. ಅಪ್ಪ ಅವತ್ತು ಮನೆಗೆ ಬಂದು ಊಟ ಮಾಡ್ಲಿಲ್ಲ ಅಂತ ಅಮ್ಮ ಹೇಳ್ತಿದ್ರು. ಈಗ ಸುರಂಜನ್ ದಾಸ್ ರೋಡಲ್ಲಿ ದಿನಾ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡು ಬೈಕೋತೀವಲ್ಲ, ಆ ಹೆಸರು ಅವರದ್ದು.

ಪ್ಯಾಸೆಂಜರ್ ವಿಮಾನ ಇದರ ಜೊತೆಜೊತೆಗೇ ನಡೀತಿತ್ತು, ಅದು ನಿಮಗೆಲ್ಲ ಗೊತ್ತಿರೋದೇ. 1990ರ ಫೆಬ್ರವರಿ 14ಕ್ಕೆ ಬಾಂಬೆಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ಎ-320 ರನ್‌ವೇ ಮುಟ್ಟೋಕೆ ಮುಂಚೆನೇ ಗಾಲ್ಫ್ ಮೈದಾನದಲ್ಲಿ ಬಿತ್ತು, 146 ಜನರಲ್ಲಿ 92 ಜನ ಹೋದ್ರು. ಆ ಹೊಗೆ ನೋಡಿದೋಳು ನಾನು, ಜಾಸ್ತಿ ಬರೆಯೋಕಾಗಲ್ಲ. 2003ರಲ್ಲಿ ಏರ್ ಡೆಕ್ಕನ್‌ನೋರು ಹುಬ್ಬಳ್ಳಿಗೆ ಶುರು ಮಾಡಿದ್ದೂ ಇಲ್ಲಿಂದಲೇ. ಕೊನೆಕೊನೆಗೆ ವರ್ಷಕ್ಕೆ ಕೋಟಿ ಜನ ಆ ಪುಟ್ಟ ಟರ್ಮಿನಲ್ಲಿಗೆ, ಮದುವೆ ಛತ್ರ ಥರ ಆಗೋಗಿತ್ತು. 2008ರ ಮೇ 24ಕ್ಕೆ ಎಲ್ಲಾ ದೇವನಹಳ್ಳಿಗೆ ಹೋಯ್ತು.

ಸರಿ, ಈಗೇನ್ ನಡೀತಿದೆ ಅಲ್ಲಿ? ಒಂದು ಫೈಟರ್ ಹ್ಯಾಂಗರ್‌ನಿಂದ ಆಚೆ ಬಂದ ತಕ್ಷಣ ಅದನ್ನ ವಾಯುಪಡೆಗೆ ಪ್ಯಾಕ್ ಮಾಡಿ ಕಳಿಸಲ್ಲ. ಮೊದಲು ನಿಂತಲ್ಲೇ ಎಂಜಿನ್ ಓಡಿಸ್ತಾರೆ, ಆಮೇಲೆ ರನ್‌ವೇಲಿ ನಿಧಾನಕ್ಕೆ ಓಡಿಸ್ತಾರೆ, ಆಮೇಲೆ ಜೋರಾಗಿ ಓಡಿಸಿ ಬ್ರೇಕ್ ಹಾಕ್ತಾರೆ, ಇದೆಲ್ಲ ಆದ್ಮೇಲೆ ಹಾರಾಟ, ಅದೂ ಒಂದಲ್ಲ. ತೇಜಸ್ 2001ರ ಜನವರಿ 4ಕ್ಕೆ ರಾಜೀವ್ ಕೋಥಿಯಾಲ್ ಕೈಲಿ ಮೊದಲ ಸಲ ಎದ್ದಿದ್ದು ಇಲ್ಲೇ, ಅದರ ಮಾರ್ಕ್-1ಎ ಅನ್ನೋ ಹೊಸ ರೂಪ 2024ರ ಮಾರ್ಚ್‌ನಲ್ಲಿ ಎದ್ದಿದ್ದೂ ಇಲ್ಲೇ. ಧ್ರುವ್ ಹೆಲಿಕಾಪ್ಟರು ಇಲ್ಲೇ. ವಾಯುಪಡೆಯ ಟೆಸ್ಟ್ ಪೈಲಟ್‌ಗಳು ತಯಾರಾಗೋ ಸಂಸ್ಥೆ, ಎಎಸ್‌ಟಿಇ, ಅದೂ ಇಲ್ಲೇ. 2019ರ ಫೆಬ್ರವರಿ 1ಕ್ಕೆ ಅಪ್‌ಗ್ರೇಡ್ ಆದ ಮಿರಾಜ್ ಫೈಟರ್ ಬಿದ್ದು ಇಬ್ಬರು ಪೈಲಟ್‌ಗಳು ತೀರ್ಕೊಂಡಿದ್ದು ಇಂಥ ಪರೀಕ್ಷೆ ಹಾರಾಟದಲ್ಲೇ. ಆ ಮಕ್ಕಳು ಸತ್ತ ಜಾಗನ ಖಾಲಿ ಸೈಟು ಅಂತ ಬರೆದಾಗ ನಂಗೆ ಹೊಟ್ಟೆ ಉರೀತು, ಅದಕ್ಕೇ ಈ ಪತ್ರ.

ಇದಲ್ಲದೆ ಏರ್ ಆಂಬ್ಯುಲೆನ್ಸ್ ಇಳಿಯುತ್ತೆ, ಬಾಡಿಗೆ ವಿಮಾನ ಇಳಿಯುತ್ತೆ, ವಿಐಪಿಗಳಂತೂ ಬಿಡಿ. ಚಂದ್ರಯಾನ-3 ಇಳಿದ ಮೂರನೇ ದಿನ ಪ್ರಧಾನಿ ಬಂದು ಇಳಿದಿದ್ದು ಇಲ್ಲಿ, ಹೊರಗೆ ಬಂದು ಜನರ ಹತ್ರ ಮಾತಾಡಿದ್ರು, ಅವತ್ತು ನಮ್ಗೆ ಹಾಲು ತರೋಕೂ ರೋಡು ದಾಟೋಕೆ ಬಿಡ್ಲಿಲ್ಲ.

ಪ್ಯಾಸೆಂಜರ್ ವಿಮಾನ ಮತ್ತೆ ಬೇಡ್ವೇ ಬೇಡ ಅಂತ ನಾನು ಹೇಳ್ತಿಲ್ಲ. ಹುಬ್ಬಳ್ಳಿಗೋ ಕಲಬುರಗಿಗೋ ಸಣ್ಣ ಎಟಿಆರ್ ವಿಮಾನ ನಾಲ್ಕು ಬಿಟ್ರೆ ಈ ಕಡೆಯೋರಿಗೆ ದೇವನಹಳ್ಳಿ ತನಕ ಎರಡು ಗಂಟೆ ಉಳಿಯುತ್ತೆ, ನನಗೂ ಅನುಕೂಲವೇ, ಮಗಳು ಧಾರವಾಡದಲ್ಲಿದಾಳೆ. ಆದ್ರೆ ದೇವನಹಳ್ಳಿ ಏರ್‌ಪೋರ್ಟಿನ 150 ಕಿಲೋಮೀಟರ್ ಒಳಗೆ ಇನ್ನೊಂದು ಏರ್‌ಪೋರ್ಟ್ ಬರಬಾರದು ಅನ್ನೋ ಒಪ್ಪಂದ 2033ರ ತನಕ ಇದೆ, ಅದು ಒಂದು. ಇನ್ನೊಂದು, 2021ರಲ್ಲೇ 83 ತೇಜಸ್‌ಗೆ ಆರ್ಡರ್ ಕೊಟ್ಟು ಯಾವಾಗ ಬರುತ್ತೆ ಯಾವಾಗ ಬರುತ್ತೆ ಅಂತ ವಾಯುಪಡೆಯೋರು ಕಾಯ್ತಿರೋವಾಗ ಟೆಸ್ಟಿಂಗಿನ ಟೈಮಿಗೆ ಕೈ ಹಾಕ್ಬಾರ್ದು. ಮೊದಲು ಟೆಸ್ಟಿಂಗು, ಉಳಿದ ಟೈಮಲ್ಲಿ ಏನ್ ಬೇಕಾದ್ರೂ ಮಾಡ್ಲಿ.

ನಿಜವಾಗ್ಲೂ ಚಿಂತೆ ಮಾಡ್ಬೇಕಾಗಿರೋದು ಸುತ್ತಮುತ್ತಲಿನ ಕಟ್ಟಡಗಳ ಬಗ್ಗೆ. ನಾವು ಮನೆ ಮೇಲೆ ಒಂದು ಮಹಡಿ ಕಟ್ಟೋಕೆ ಎತ್ತರದ ಎನ್‌ಒಸಿಗೆ, ಅಂದ್ರೆ ಒಪ್ಪಿಗೆ ಪತ್ರಕ್ಕೆ, ಅಲೆದಿದೀವಿ, ಬೈಕೊಂಡಿದೀವಿ, ಆದ್ರೆ ಅದು ಯಾಕೆ ಅಂತ ಗೊತ್ತಿತ್ತು, ವಿಮಾನ ತಗ್ಗಿನಲ್ಲಿ ಹಾರೋ ಜಾಗ ಇದು. ಜಾಗ ಖಾಲಿ ಅಂತ ಜನ ನಂಬಿದ್ರೆ ಈ ರೂಲ್ಸು ಯಾಕೆ ಅಂತ ಕೇಳ್ತಾರೆ, ಒಬ್ಬ ಕೇಳಿದ್ಮೇಲೆ ಹತ್ತು ಜನ ಕೇಳ್ತಾರೆ. ನಿಮ್ಮ ವರದಿಗಾರರನ್ನ ಒಂದು ದಿನ ಕಳಿಸಿ, ಯಮಲೂರು ಕಡೆ ನಿಂತು ಬೆಳಿಗ್ಗೆಯಿಂದ ಸಂಜೆ ತನಕ ಎಷ್ಟು ಹಾರಿದ್ವು ಅಂತ ಲೆಕ್ಕ ಹಾಕಿ ಅದನ್ನೇ ಪೇಪರ್‌ನಲ್ಲಿ ಹಾಕಿ.

ಇಂತಿ,
ನಿಮ್ಮ ಹಳೇ ಓದುಗಾರ್ತಿ, ವಿಮಾನಪುರ

ಮರೆತಿದ್ದೆ: ಮಾರತ್ತಹಳ್ಳಿಗೆ ಆ ಹೆಸರು ಬಂದಿದ್ದು ಮರುತ್ ವಿಮಾನದಿಂದ ಅಂತ ವಾಟ್ಸಾಪಲ್ಲಿ ಓಡಾಡ್ತಿದೆ. ನಮ್ಮಪ್ಪನ ವಿಮಾನ ಅಂತ ಇಷ್ಟು ಅಭಿಮಾನ ಇರೋ ನಾನೇ ಹೇಳ್ತೀನಿ, ಅದು ಸುಳ್ಳು, ವಿಮಾನ ಹುಟ್ಟೋಕೆ ಎಷ್ಟೋ ಮುಂಚೆನೇ ಆ ಊರು ಇತ್ತು.