ಅರ್ಧ ಅಂಕದ ವಿಚಾರ: ಒಂಬತ್ತನೇ ತರಗತಿ ಮಕ್ಕಳ ಪೋಷಕರಿಗೆ

ಸಕಲೇಶಪುರ

ಮಾನ್ಯ ಪೋಷಕರೇ, ನಮಸ್ಕಾರ.

ಇಂಗ್ಲಿಷ್ ಕಿರುಪರೀಕ್ಷೆಯ ಉತ್ತರಪತ್ರಿಕೆ ಮನೆಗೆ ಬಂದ ಮೇಲೆ ಹಲವರು ಶಾಲೆಗೆ ಬಂದಿರಿ, ಕೆಲವರು ಫೋನ್ ಮಾಡಿದಿರಿ. ಎಲ್ಲರ ಪ್ರಶ್ನೆಯೂ ಒಂದೇ: "ಅರ್ಥ ಸರಿಯಾಗೇ ಇದೆಯಲ್ಲ ಸಾರ್, ಒಂದು 'ಆಫ್' ಜಾಸ್ತಿ ಆಯ್ತು ಅಂತ ಅರ್ಧ ಅಂಕ ಕಳೆಯೋದಾ?" ಟ್ಯೂಷನ್ ಮಕ್ಕಳನ್ನು ಕಂಡರೆ ಇಂಗ್ಲಿಷ್ ಮೇಡಂಗೆ ಆಗುವುದಿಲ್ಲ ಎಂಬ ಮಾತೂ ಕಿವಿಗೆ ಬಿತ್ತು. ಹಾಗೇನಿಲ್ಲ. ಟ್ಯೂಷನ್ ಮೆಟ್ಟಿಲು ಹತ್ತದ ಮಕ್ಕಳಿಗೂ ಅಂಕ ಹೋಗಿದೆ.

"ಏನೇ ಆಗಲಿ", "ಎಷ್ಟೇ ಮಳೆ ಬಂದರೂ", "ಯಾರೇ ಹೇಳಿದರೂ" ಎಂಬ ಮಾತುಗಳನ್ನು ಇಂಗ್ಲಿಷಿನಲ್ಲಿ ಹೇಳಿ ಎಂಬುದು ಕಿರುಪರೀಕ್ಷೆಯ ಪ್ರಶ್ನೆ. ಇಂಗ್ಲಿಷಿನಲ್ಲಿ ಇದಕ್ಕೆ ಹತ್ತಾರು ದಾರಿಗಳಿವೆ. ಯಾವುದರ ಮುಂದೆ ಏನು ಬರಬೇಕು ಎಂಬುದು ಒಂದೊಂದಕ್ಕೂ ಬೇರೆ. ಮಕ್ಕಳು ಎಡವುವುದು ಅಲ್ಲೇ.

'ಇನ್ ಸ್ಪೈಟ್ ಆಫ್' ಎಂದರೆ 'ಆಫ್' ಬೇಕು, 'ಡಿಸ್ಪೈಟ್' ಎಂದರೆ ಬೇಡ. ಅರ್ಥ ಒಂದೇ ಆದ್ದರಿಂದ ಎರಡನ್ನೂ ಕಲಸಿ 'ಡಿಸ್ಪೈಟ್ ಆಫ್ ದ ರೇನ್' ಎಂದು ಬರೆದವರೇ ಹೆಚ್ಚು. ಎರಡರ ಮುಂದೆಯೂ ನಾಮಪದವೋ 'ಇಂಗ್' ರೂಪವೋ ಬರಬೇಕು. ಪೂರ್ತಿ ವಾಕ್ಯ ಬರುವುದಾದರೆ 'ಆಲ್‌ದೋ ಇಟ್ ರೇನ್ಡ್' ಎನ್ನಬೇಕು, ಆಮೇಲೆ ನಡುವೆ 'ಬಟ್' ಸೇರಿಸಬಾರದು. ಇನ್ನೊಂದು ಸೂಕ್ಷ್ಮವಿದೆ, ಗೈಡುಗಳು ಇದನ್ನು ಹೇಳುವುದು ಕಡಿಮೆ: 'ಡಿಸ್ಪೈಟ್ ದ ರೇನ್' ಎಂದರೆ ಮಳೆ ಬಂದೇ ಇದೆ. 'ರೆಗಾರ್ಡ್‌ಲೆಸ್ ಆಫ್ ದ ವೆದರ್' ಎಂದರೆ ಬಂದರೂ ಸರಿ, ಬಾರದಿದ್ದರೂ ಸರಿ.

'ನೋ ಮ್ಯಾಟರ್' ಒಂಟಿಯಾಗಿ ವಾಕ್ಯವನ್ನು ಹೊರುವುದಿಲ್ಲ; ಜೊತೆಗೆ 'ಹೌ', 'ವಾಟ್', 'ಹೂ' ಇಂಥದ್ದೊಂದು ಬೇಕು. 'ನೋ ಮ್ಯಾಟರ್ ಇಟ್ ರೇನ್ಸ್' ತಪ್ಪು. 'ನೋ ಮ್ಯಾಟರ್ ಹೌ ಹಾರ್ಡ್ ಇಟ್ ರೇನ್ಸ್, ದ ಹೆತ್ತೂರು ಬಸ್ ವಿಲ್ ಕಮ್' ಸರಿ. (ವ್ಯಾಕರಣದ ಮಟ್ಟಿಗೆ ಸರಿ, ಬಸ್ಸಿನ ಮಟ್ಟಿಗೆ ನೀವೇ ಬಲ್ಲಿರಿ.) ಮುಂದೆ ನಡೆಯುವ ಮಾತೇ ಆದರೂ 'ವಿಲ್' ಬರುವುದು ಎರಡನೇ ಅರ್ಧದಲ್ಲಿ ಮಾತ್ರ, 'ಹೌ ಹಾರ್ಡ್ ಇಟ್ ವಿಲ್ ರೇನ್' ಎಂದವರಿಗೂ ಅರ್ಧ ಅಂಕ ಹೋಗಿದೆ.

ಅಲ್ಪವಿರಾಮಕ್ಕೂ ಅಂಕವೇ ಎಂದು ಕೇಳಿದವರಿದ್ದೀರಿ. 'ಹೌಎವರ್ ಹಾರ್ಡ್ ಇಟ್ ರೇನ್ಸ್' ಎಂದರೆ 'ಎಷ್ಟೇ ಜೋರು ಮಳೆ ಬಂದರೂ'. 'ಹೌಎವರ್' ಪಕ್ಕ ಒಂದು ಅಲ್ಪವಿರಾಮ ಬಿತ್ತೋ, ಅದು 'ಆದರೆ' ಆಗಿಬಿಡುತ್ತದೆ, ಮುಂದಿನ 'ಹಾರ್ಡ್' ದಿಕ್ಕಿಲ್ಲದೆ ನಿಲ್ಲುತ್ತದೆ. ಹಾಗೆಯೇ 'ವೆದರ್ (whether) ಇಟ್ ರೇನ್ಸ್ ಆರ್ ನಾಟ್' ಎಂಬಲ್ಲಿ 'ಆರ್ ನಾಟ್' ಬಿಡುವಂತಿಲ್ಲ, 'ವೆದರ್' ಜಾಗಕ್ಕೆ 'ಇಫ್' ಹಾಕುವಂತೆಯೂ ಇಲ್ಲ.

'ಇರ್‌ರೆಗಾರ್ಡ್‌ಲೆಸ್' ಎಂಬ ಪದ ನಿಘಂಟಿನಲ್ಲೇ ಇದೆ ಎಂದು ಒಬ್ಬ ಪೋಷಕರು ಫೋಟೋ ಕಳಿಸಿದ್ದಾರೆ. ಇದೆ, ನಿಜ. ಅಮೆರಿಕದ ಮೆರಿಯಂ-ವೆಬ್‌ಸ್ಟರ್ ಅದನ್ನು ಕೊಟ್ಟಿದೆ, ಶಿಷ್ಟ ಬಳಕೆ ಅಲ್ಲ ಎಂಬ ಗುರುತನ್ನೂ ಪಕ್ಕದಲ್ಲೇ ಹಾಕಿದೆ. 'ಲೆಸ್' ಎಂಬಲ್ಲೇ 'ಇಲ್ಲ' ಇರುವಾಗ ಮುಂದುಗಡೆ ಇನ್ನೊಂದು 'ಇಲ್ಲ' ಏಕೆ? ಪರೀಕ್ಷೆಯಲ್ಲಿ ಬೇಡ. ಕಚೇರಿ ಭಾಷೆಗೆ 'ಇರ್ರೆಸ್ಪೆಕ್ಟಿವ್ ಆಫ್' ಇದೆ, ಕಾನೂನಿಗೆ 'ನಾಟ್‌ವಿತ್‌ಸ್ಟ್ಯಾಂಡಿಂಗ್' ಇದೆ. ನಮ್ಮ ಸಂವಿಧಾನದ 343ನೇ ವಿಧಿಯ ಎರಡನೇ ಖಂಡ ಶುರುವಾಗುವುದೇ ಆ ಪದದಿಂದ. ಕೇಂದ್ರದ ಆಡಳಿತದಲ್ಲಿ ಇಂಗ್ಲಿಷನ್ನು ಸಂವಿಧಾನ ಜಾರಿಯಾದ ಮೇಲೂ 15 ವರ್ಷ ಉಳಿಸಿಕೊಂಡದ್ದು ಆ ಖಂಡ.

'ರೇನ್ ಆರ್ ಶೈನ್', 'ಕಮ್ ವಾಟ್ ಮೇ' ಇವನ್ನು ಇದ್ದ ಹಾಗೇ ಬಳಸಬೇಕು, ಒಳಗಿನ ಪದ ಬದಲಿಸಬಾರದು. ಒಂದು ಮಗು 'ಐ ಕಮ್ ಟು ಸ್ಕೂಲ್ ರೇನ್ ಆರ್ ಶೈನ್' ಎಂದು ಬರೆದಿದೆ. ಜುಲೈ ತಿಂಗಳಲ್ಲಿ ಜಿಲ್ಲಾಧಿಕಾರಿಗಳ ಮಳೆ ರಜೆಯ ನಡುವೆ ಈ ಮಾತು ನಿಜವಾಗುವುದು ಕಷ್ಟ. ಪೂರ್ತಿ ಅಂಕ ಕೊಟ್ಟಿದ್ದೇವೆ. ಆದರೆ 'ಐ ವಿಲ್ ಪಾಸ್ ಬೈ ಹುಕ್ ಆರ್ ಬೈ ಕ್ರುಕ್' ಎಂದವರಿಗೆ ಕೊಟ್ಟಿಲ್ಲ. ಅದು 'ಏನೇ ಆಗಲಿ' ಅಲ್ಲ, 'ನ್ಯಾಯವೋ ಅನ್ಯಾಯವೋ, ಹೇಗಾದರೂ ಮಾಡಿ' ಎಂದು. ಅದನ್ನು ಓದಿದ ಮೇಲ್ವಿಚಾರಕರು ಮೊದಲು ಚೀಟಿಗಾಗಿ ಮಗುವಿನ ಜೇಬು ತಡಕುತ್ತಾರೆ. ಕಾಫಿಯೋ ಟೀಯೋ ಎಂದು ಕೇಳಿದವರಿಗೆ 'ಐ ಡೋಂಟ್ ಕೇರ್' ಎನ್ನುವುದೂ ಇಂಥದ್ದೇ. 'ಯಾವುದಾದರೂ ಆದೀತು' ಎಂಬ ನಮ್ಮ ಸಂಕೋಚ ಅದರಲ್ಲಿಲ್ಲ, ಉಡಾಫೆಯಂತೆ ಕೇಳಿಸುತ್ತದೆ. 'ಐದರ್ ಈಸ್ ಫೈನ್' ಎನ್ನಲಿ.

ಮತ್ತೆ ಅರ್ಧ ಅಂಕಕ್ಕೆ ಬರುತ್ತೇನೆ. ನಿಮ್ಮ ಸಂಕಟ ನಮಗೆ ಅರ್ಥವಾಗುತ್ತದೆ. ತೋಟದ ಕೆಲಸ ಮುಗಿಸಿ ಬಂದು ರಾತ್ರಿ ಮಗುವಿನ ಪಕ್ಕ ಕೂತು ಓದಿಸಿದವರಿಗೆ ಕೆಂಪು ಗೀಟು ಕಂಡರೆ ಬೇಸರವಾಗುವುದು ಸಹಜ. ಹಾಗಿದ್ದರೂ ಅಂಕ ಕಳೆಯುವುದನ್ನು ನಿಲ್ಲಿಸುವುದಿಲ್ಲ. ಅರ್ಥ ಗೊತ್ತಿದೆಯೇ ಎಂದು ಈ ಪ್ರಶ್ನೆ ಕೇಳುವುದೇ ಇಲ್ಲ, ಅರ್ಥವನ್ನು ಕನ್ನಡದಲ್ಲಿ ನಾವೇ ಕೊಟ್ಟಿದ್ದೆವು. ಕೇಳಿದ್ದು ವಾಕ್ಯದ ಕಟ್ಟು. ಹತ್ತನೇ ತರಗತಿಯಲ್ಲಿ ಪತ್ರಿಕೆ ತಿದ್ದುವವರು ಬೇರೆ ಊರಿನವರು, "ಅರ್ಥ ಸರಿಯಿತ್ತು" ಎಂದು ಅವರ ಹತ್ತಿರ ಹೋಗಿ ಹೇಳುವ ಅವಕಾಶ ನಿಮಗೂ ಇಲ್ಲ, ನಮಗೂ ಇಲ್ಲ. ಈ ಅಂಕ ವಾರ್ಷಿಕ ಫಲಿತಾಂಶಕ್ಕೆ ಸೇರುವುದಿಲ್ಲ. ತಪ್ಪಾದ ವಾಕ್ಯವನ್ನು ತಿದ್ದಿ, ಅದೇ ಕಟ್ಟಿನಲ್ಲಿ ಹೊಸದಾಗಿ ಎರಡು ವಾಕ್ಯ ಬರೆದು ತೋರಿಸಿದ ಮಗುವಿಗೆ ಮೇಡಂ ಆ ಅರ್ಧ ಅಂಕವನ್ನು ಹಿಂದಿರುಗಿಸುತ್ತಾರೆ. ಗೈಡಿನ ವಾಕ್ಯ ನಡೆಯುವುದಿಲ್ಲ.

ಆ ವಾಕ್ಯಗಳನ್ನು ದಯವಿಟ್ಟು ನೀವು ಬರೆದುಕೊಡದೆ, ಮಗು ಬರೆದದ್ದರ ಕೆಳಗೆ ಸಹಿ ಮಾಡಿ ಸೋಮವಾರದೊಳಗೆ ಕಳಿಸಿಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು