ಚಾನೆಲ್ ವಾಪಸ್ ಬಂತು, ನಿಮ್ಮೆಲ್ಲರಿಗೂ ಥ್ಯಾಂಕ್ಸ್

ಎಲ್ಲರಿಗೂ ನಮಸ್ಕಾರ. ನನ್ನ ಯೂಟ್ಯೂಬ್ ಚಾನೆಲ್ ವಾಪಸ್ ಬಂದಿದೆ. ಹಳೆಯ ವಿಡಿಯೋಗಳೂ ಬಂದಿವೆ. ಲೈವ್‌ನಲ್ಲಿ ಹೇಳೋಣ ಅಂದುಕೊಂಡೆ, ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ರಾಜಕಾರಣಿಗಳ ಭಾಷಣದ ಕೆಲವು ಸೆಕೆಂಡಿನ ತುಣುಕು ಹಾಕಿ, ನಿಲ್ಲಿಸಿ, ಹೇಳಿದ್ದು ಸರಿಯಾ ತಪ್ಪಾ ಅಂತ ಕಡತ ಮುಂದಿಟ್ಟುಕೊಂಡು ಮಾತಾಡುವುದು ನನ್ನ ಕೆಲಸ. ಅಂಥ ಮೂರು ವಿಡಿಯೋಗಳ ಮೇಲೆ ಒಂದರ ಹಿಂದೆ ಒಂದು ಕಾಪಿರೈಟ್ ಸ್ಟ್ರೈಕ್, ಅಂದರೆ ನಮ್ಮ ವಿಡಿಯೋ ಕೇಳದೆ ಬಳಸಿದ್ದಾರೆ ಅನ್ನುವ ದೂರಿನ ಮೇಲೆ ಯೂಟ್ಯೂಬ್ ಹಾಕುವ ದಂಡನೆ, ಬಿತ್ತು. ಯೂಟ್ಯೂಬ್‌ನಲ್ಲಿ 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ನನ್ನದು ಹೋಯಿತು. ದೂರು ಕೊಟ್ಟವರು ಯಾರು ಅನ್ನುವುದು ಇಲ್ಲಿ ಬೇಡ.

ಮೊದಲು ಕೋಲಾರ ಕೋರ್ಟಿನ ನಮ್ಮ ವಕೀಲರಿಗೆ. ಸ್ಟ್ರೈಕ್ ಪ್ರಶ್ನಿಸಬೇಕಾದರೆ ಕೌಂಟರ್ ನೋಟಿಫಿಕೇಶನ್, ಅಂದರೆ ದೂರು ತಪ್ಪು ಅನ್ನುವ ಲಿಖಿತ ಉತ್ತರ, ಕಳಿಸಬೇಕು. ಅದರಲ್ಲಿ ಹೆಸರು, ವಿಳಾಸ ಬರೆಯಬೇಕು, ಅದು ನೇರ ದೂರು ಕೊಟ್ಟವರ ಕೈಗೆ ಹೋಗುತ್ತದೆ. ಊರಿನ ರಾಜಕೀಯ ಮಾತಾಡುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಹಗಲು ಮನೆಯಲ್ಲಿ ಅಮ್ಮ ಒಬ್ಬರೇ ಇರುತ್ತಾರೆ. ಫಾರಂ ಪೂರ್ತಿ ತುಂಬಿ, ವಿಳಾಸದ ಜಾಗ ಖಾಲಿ ಬಿಟ್ಟು ಕೂತಿದ್ದೆ. ವಕೀಲರು ನೋಡಿದರು. "ನಿನ್ನ ಪರವಾಗಿ ನಾನೇ ಕಳಿಸ್ತೀನಿ. ನನ್ನ ಆಫೀಸ್ ವಿಳಾಸ ಹಾಕು, ಬರೋರು ಇಲ್ಲಿಗೇ ಬರಲಿ" ಅಂದರು. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ವಿಮರ್ಶೆಗೆ, ಪ್ರಚಲಿತ ಸುದ್ದಿಯ ವರದಿಗೆ ಅವಕಾಶ ಇದೆ ಅಂತ ಒಂದೊಂದು ತುಣುಕಿಗೂ ಬೇರೆ ಬೇರೆ ವಿವರಣೆ ಬರೆದರು. ಫೀಸಿನ ಮಾತು ಎತ್ತಿದ್ದಕ್ಕೆ ಬೈದರು. ದೂರು ಕೊಟ್ಟವರು ಕೋರ್ಟಿಗೆ ಹೋಗಿದ್ದೇವೆ ಅನ್ನುವ ದಾಖಲೆಯನ್ನು 10 ಕೆಲಸದ ದಿನಗಳೊಳಗೆ ಕೊಡಬೇಕಿತ್ತು, ಕೊಡಲಿಲ್ಲ, ಅದಕ್ಕೇ ಚಾನೆಲ್ ವಾಪಸ್ ಬಂತು. ಸರ್, ಈ ಋಣ ನಾನು ಮರೆಯುವುದಿಲ್ಲ.

ನಾನು ಮೊದಲ ಸಲ ಫೋನ್ ಎತ್ತಿ ಫೇಸ್‌ಬುಕ್ ಲೈವ್ ಹೋಗಿದ್ದು 2018ರ ಜುಲೈನಲ್ಲಿ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ ನಮ್ಮ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ನೀರು ಬಂದು ಸುಮಾರು ಒಂದು ತಿಂಗಳಾಗಿತ್ತಷ್ಟೆ, ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತ್ತು. ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಅಂತ ಅವತ್ತು ಹೇಳಿದ್ದನ್ನೇ ಇವತ್ತೂ ಹೇಳುತ್ತೇನೆ. ವೇಮಗಲ್ ಕಡೆಯ ರೈತ ಅಣ್ಣ ಒಬ್ಬರು ಅವತ್ತಿನಿಂದಲೂ ಇದನ್ನು ಒಪ್ಪುವುದಿಲ್ಲ. ಬತ್ತಿದ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಕಂಡವರು ಅವರು, ಅವರ ಮಾತಿಗೂ ತೂಕ ಇದೆ. ನನ್ನ ಜೊತೆ ವಾದ ಮಾಡಲಿಕ್ಕೆ ಅಂತಲೇ ನನ್ನ ಲೈವ್‌ಗಳನ್ನೆಲ್ಲ ಇಳಿಸಿಟ್ಟುಕೊಂಡಿದ್ದರು. ಚಾನೆಲ್ ಹೋದಾಗ ವಕೀಲರಿಗೆ ತೋರಿಸಲು ಆ ಮೂರು ವಿಡಿಯೋ ಸಿಗದೆ ಒದ್ದಾಡುತ್ತಿದ್ದರೆ, ಇವರು ಪೆನ್‌ಡ್ರೈವ್‌ನಲ್ಲಿ ತುಂಬಿಕೊಂಡು ಬೈಕ್‌ನಲ್ಲಿ ಮನೆಗೇ ಬಂದರು. ಅಮ್ಮ ಕೊಟ್ಟ ಕಾಫಿ ಕುಡಿಯುತ್ತಾ ನೀರಿನ ವಿಷಯದಲ್ಲಿ ಮತ್ತೆ ನನ್ನ ಜೊತೆ ಜಗಳ ಆಡಿ ಹೋದರು. ಅಣ್ಣಾ, ನೀವು ಬರದಿದ್ದರೆ ಆ ವಿವರಣೆ ಬರೆಯಲು ಆಗುತ್ತಲೇ ಇರಲಿಲ್ಲ.

ಇನ್ನು ಬಂಗಾರಪೇಟೆಯ ನಮ್ಮ ಮಾಡರೇಟರ್ ಅಕ್ಕ. ಬೆಳಿಗ್ಗೆ ಬೆಂಗಳೂರಿನ ರೈಲು ಹಿಡಿಯಬೇಕಾದವರು ರಾತ್ರಿ ಲೈವ್ ಮುಗಿಯುವ ತನಕ ಚಾಟ್ ಕಾಯುತ್ತಾರೆ. 2023ರ ಮೇ 13ರಂದು ಮಾಲೂರಿನ ವಿಧಾನಸಭಾ ಚುನಾವಣೆಯ ಫಲಿತಾಂಶ 248 ಮತಗಳ ಅಂತರಕ್ಕೆ ಬಂದು ನಿಂತಾಗ ಎರಡೂ ಕಡೆಯವರು ಕನ್ನಡ ತೆಲುಗು ಎರಡರಲ್ಲೂ ಕಿತ್ತಾಡುತ್ತಿದ್ದರು. ಒಬ್ಬರನ್ನೂ ಬ್ಲಾಕ್ ಮಾಡದೆ, ಜಾತಿ ಹೆಸರು ಬಂದ ಮೆಸೇಜ್ ಮಾತ್ರ ತೆಗೆಯುತ್ತಾ ಅವತ್ತು ಚಾಟ್ ನಡೆಸಿದ್ದು ಅವರು. ಅವತ್ತು ಕಿತ್ತಾಡಿದ ಎರಡೂ ಕಡೆಯವರು ಈಗ ನನ್ನ ಪರವಾಗಿ ಯೂಟ್ಯೂಬ್‌ಗೆ ಬರೆದಿದ್ದಾರೆ. ಪಕ್ಷ ಯಾವುದಾದರೂ ಇರಲಿ, ನಮ್ಮ ಜಿಲ್ಲೆಯ ವಿಷಯ ಮಾತಾಡಲು ಒಂದು ಜಾಗ ಇರಬೇಕು ಅಂತ ನೀವೆಲ್ಲ ನಿಂತಿದ್ದು ನನಗೆ ಜಾಸ್ತಿ ಧೈರ್ಯ ಕೊಟ್ಟಿತು.

ಟೊಮೆಟೊ ಮಂಡಿಯ ಹುಡುಗರೇ, ಜಾಹೀರಾತಿನ ದುಡ್ಡು ನಿಂತಾಗ ಲ್ಯಾಪ್‌ಟಾಪ್ ಇಎಂಐ ನೀವು ಕಟ್ಟಿದ್ದು ಅಮ್ಮನಿಗೆ ಹೇಳಿದ್ದೇನೆ. ಒಂದು ದಿನ ಎಲ್ಲರೂ ಊಟಕ್ಕೆ ಬರಬೇಕಂತೆ.

ಭಾನುವಾರ ರಾತ್ರಿ ಎಂಟಕ್ಕೆ ಲೈವ್. ವಿಷಯ ನಮ್ಮ ಕಡೆಗೆ ಕುಡಿಯುವ ನೀರು ತರುವ ಎತ್ತಿನಹೊಳೆ ಯೋಜನೆ. 2012ರಲ್ಲಿ 8,323 ಕೋಟಿ ಇದ್ದ ಅಂದಾಜು ವೆಚ್ಚ 2023ಕ್ಕೆ 23,251 ಕೋಟಿ ಆಗಿದ್ದು ಹೇಗೆ ಅಂತ ಒಂದೊಂದೇ ಕಡತ ತೆಗೆದು ನೋಡೋಣ. ವೇಮಗಲ್ ಅಣ್ಣ ಈಗಾಗಲೇ ಪ್ರಶ್ನೆ ಕಳಿಸಿದ್ದಾರೆ. ನಿಮ್ಮದೂ ಕಳಿಸಿ.